ಸಾಹೇಬನ ಸಂತಾನ

ಹಾಳೆಯ ಮೇಲೆ ಇನ್ನೂರಹತ್ತು ಚುಕ್ಕಿಗಳಿದ್ದವು. ಒಂದೊಂದು ಚುಕ್ಕಿಯೂ ಒಂದೊಂದು ಮೇಕೆ. ಹನ್ನೊಂದು ಊರುಗಳ ಮೇಕೆಗಳ ರಕ್ತವನ್ನು ಸಣ್ಣ ಸಣ್ಣ ಶೀಷೆಗಳಿಗೆ ತುಂಬಿ ದೊಡ್ಡ ಪ್ರಯೋಗಾಲಯಕ್ಕೆ ಕಳಿಸಿ ನಾಲ್ಕು ತಿಂಗಳಾಗಿತ್ತು. ವರದಿ ಬಂದದ್ದು ನಿನ್ನೆ ಸಂಜೆ. ಬೇರೆ ಬೇರೆ ರಕ್ತದವುಗಳಾಗಿದ್ದರೆ ಚುಕ್ಕಿಗಳು ಹಾಳೆಯ ತುಂಬ ಚೆಲ್ಲಾಪಿಲ್ಲಿಯಾಗಿ ಬೀಳಬೇಕು. ಇಲ್ಲಿ ಇನ್ನೂರೆರಡು ಚುಕ್ಕಿಗಳು ಒಂದೇ ಕಡೆ, ಮಸಿ ಕುಡಿಕೆ ಉರುಳಿದ ಹಾಗೆ, ಒಂದರ ಮೇಲೊಂದು ಬಿದ್ದಿದ್ದವು. ಉಳಿದ ಎಂಟು ಮಾತ್ರ ಇನ್ನೊಂದು ತುದಿಯಲ್ಲಿ, ಜಗಳವಾಡಿಕೊಂಡು ಬೇರೆ ಬಿಡಾರ ಹೂಡಿದವರಂತೆ, ದೂರ ಕೂತಿದ್ದವು. ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. ಕನ್ನಡಕದಲ್ಲೇನೂ ಕೊಳೆ ಇರಲಿಲ್ಲ. ಆ ಮಸಿಯ ಗುಡ್ಡೆಗೆ ಅಪ್ಪ ಯಾರು ಎಂಬುದು ವರದಿ ಬರುವ ಮೊದಲೇ, ಹೆಚ್ಚೂಕಡಿಮೆ ಒಂದು ವರ್ಷದಿಂದ, ಅವಳಿಗೆ ಗೊತ್ತಿತ್ತು. ಗೊತ್ತಿದ್ದದ್ದನ್ನು ತನಗೆ ತಾನೇ ಹೇಳಿಕೊಳ್ಳಲು ಈ ಹಾಳೆ ಬೇಕಾಯಿತು, ಅಷ್ಟೆ.

ಅಪ್ಪ ಎದುರಿಗೇ ಗೋಡೆಯ ಮೇಲೆ ಫೋಟೋ ಚೌಕಟ್ಟಿನೊಳಗೆ ನಿಂತಿದ್ದ. ಹೆಗಲೆತ್ತರ ಇವಳ ಸೊಂಟಕ್ಕೆ ಬರುತ್ತಿತ್ತು, ಕೊಂಬು ಹಿಂದಕ್ಕೆ ಬಾಗಿ ಮತ್ತೆ ಹೊರಕ್ಕೆ ತಿರುಗಿತ್ತು, ಗಡ್ಡ ಯಾವುದೋ ಹಳೆಯ ಅಧಿಕಾರಿಯದ್ದರಂತೆ ಇಳಿಬಿದ್ದಿತ್ತು. ಜನ ಅವನನ್ನು ಸಾಹೇಬ ಅಂತ ಕರೆದರು. ಹನ್ನೊಂದು ವರ್ಷದ ಹಿಂದೆ, ತಳಿ ಕೇಂದ್ರಕ್ಕೆ ಹೊಸದಾಗಿ ಬಂದಿದ್ದ ಮೂವತ್ತೇಳರ ಡಾಕ್ಟರಮ್ಮ, ಅರವತ್ತು ಹೋತಗಳನ್ನು ತೂಗಿ, ಅಳೆದು, ನಡೆಸಿ ನೋಡಿ, ಐವತ್ತೊಂಬತ್ತನ್ನು ತಳ್ಳಿಹಾಕಿ ಇವನೊಬ್ಬನನ್ನು ಆರಿಸಿದ್ದಳು. ಎರಡು ಮೇಕೆ, ಮೂರು ಮೇಕೆ ಕಟ್ಟಿಕೊಂಡು ಬದುಕುವ ಮನೆಗಳಿಗೆ ಒಳ್ಳೆಯ ಹೋತ ಸಿಗಲಿ ಎಂಬುದು ಆಗಿನ ಆಸೆ. ಆ ಆಸೆಯಲ್ಲಿ ಇವತ್ತಿಗೂ ಅವಳಿಗೆ ತಪ್ಪು ಕಾಣುವುದಿಲ್ಲ. ಮೊದಲ ಮೂರು ವರ್ಷ ಹುಟ್ಟಿದ ಮರಿಗಳನ್ನು ನೋಡಿ ಜನ ಹಿಗ್ಗಿದರು. ಸಾಹೇಬನ ಮಗ ಬೇಕು, ಮೊಮ್ಮಗ ಬೇಕು ಅಂತ ಸಾಲು ನಿಂತರು. ಇದ್ದ ಕುಳ್ಳ ಹೋತಗಳನ್ನೆಲ್ಲ ಬೀಜ ಒಡೆಸಿದರು. ಒಡೆಸಿ ಅಂತ ಹೇಳಿದವಳೂ ಅವಳೇ. ಅವಳ ಹೆಸರು ಪತ್ರಿಕೆಯಲ್ಲಿ ಬಂತು, ಒಂದು ಪದಕ ಬಂತು, ಆ ಪದಕವನ್ನು ಗಂಡ ಬಟ್ಟೆ ಬೀರುವಿನೊಳಗೆ ನುಸಿಗುಳಿಗೆಗಳ ಪಕ್ಕ ಇಟ್ಟ. ಐದನೇ ವರ್ಷದಿಂದ ಮರಿಗಳು ಸಣ್ಣಗೆ ಹುಟ್ಟತೊಡಗಿದವು. ಕೆಲವಕ್ಕೆ ಕೆಳದವಡೆ ಗಿಡ್ಡ, ಮೊಲೆ ಕಚ್ಚಲು ಬಾರದು. ಕೆಲವು ಎದ್ದು ನಿಲ್ಲುವುದರೊಳಗೆ ಕಾಲು ಮಡಚಿ ಬೀಳುತ್ತಿದ್ದವು. ಡಾಕ್ಟರಮ್ಮ ಊರೂರು ತಿರುಗಿ ಎಲ್ಲರನ್ನೂ ಬೈದಳು. ದೊಡ್ಡಿ ಕೊಳಕು, ಮೇವು ಸಾಲದು, ಕೈ ತೊಳೆಯುವುದಿಲ್ಲ, ಹೇಳಿದ್ದು ಕೇಳುವುದಿಲ್ಲ. ಬೈಯುವುದರಲ್ಲಿ ಅವಳಿಗೆ ಒಂದು ಬಗೆಯ ಸುಖವೂ ಇತ್ತು ಎಂಬುದು ಈಗ, ಈ ಹಾಳೆಯನ್ನು ಹಿಡಿದು ಕೂತಾಗ, ಹಲ್ಲಿನ ಸಂದಿಯ ನಾರಿನ ಹಾಗೆ ನಾಲಗೆಗೆ ತಾಗುತ್ತಿತ್ತು.

ದೂರ ಕೂತ ಆ ಎಂಟು ಚುಕ್ಕಿಗಳದು ಬೇರೆಯೇ ಕತೆ. ಅವು ಟೈಲರಕ್ಕನ ಮೇಕೆಗಳು. ಟೈಲರಕ್ಕ ಮೇಕೆ ಸಂಘದಲ್ಲಿ ಇಲ್ಲ. ಆರು ವರ್ಷದ ಹಿಂದೆಯೇ ಬಿಟ್ಟಿದ್ದಳು. ಪ್ಯಾಂಟು ಹೊಲಿಸಲು ಹೋಗಿದ್ದ ಕಾಂಪೌಂಡರ್ ಅಂಗಡಿಯ ಹಿಂದೆ ಮೇಕೆ ಕಂಡು, ಕೈಯಲ್ಲಿ ಶೀಷೆಗಳೂ ಇದ್ದವಲ್ಲ ಅಂತ, ಅವಕ್ಕೂ ಸೂಜಿ ಚುಚ್ಚಿ ರಕ್ತ ತಂದಿದ್ದ. ಆರು ವರ್ಷದ ಹಿಂದಿನ ಆ ಸಭೆ ಡಾಕ್ಟರಮ್ಮನಿಗೆ ಚೆನ್ನಾಗಿ ನೆನಪಿದೆ. ಸತ್ತ ಎರಡು ಮರಿಗಳ ಮಾತು ಬಂದಾಗ ಟೈಲರಕ್ಕ ಎದ್ದು, ಗಿರಾಕಿಗಳ ಅಳತೆ ಬರೆದಿಡುವ ಉದ್ದನೆಯ ಪುಸ್ತಕವನ್ನು ಹಿಂಬದಿಯಿಂದ ತೆರೆದು, "ಸ್ವಲ್ಪ ಇದನ್ನ ನೋಡಿ ಡಾಕ್ಟರಮ್ಮ, ಇಲ್ಲೇನೋ ಒಂದಿದೆ" ಅಂದಿದ್ದಳು. ಇವಳು ಪುಸ್ತಕ ಮುಟ್ಟಲೂ ಇಲ್ಲ. "ಬಟ್ಟೆ ಅಳತೆ ಪುಸ್ತಕ ಇಟ್ಕೊಂಡು ನನಗೆ ಪಾಠ ಹೇಳ್ಬೇಡಿ, ಮೊದಲು ಹೋಗಿ ದೊಡ್ಡಿ ತೊಳೀರಿ" ಅಂದಳು. ಅರವತ್ತು ಜನ ನಕ್ಕರು. ಆ ನಗುವನ್ನು ಇವಳೇ ಬಡಿಸಿದ್ದು. ಟೈಲರಕ್ಕ ಪುಸ್ತಕ ಮುಚ್ಚಿದ ರೀತಿ ಕಣ್ಣಿಗೆ ಕಟ್ಟಿದ ಹಾಗಿದೆ: ಸದ್ದಾಗದಂತೆ, ಮಲಗಿದ ಮಗುವಿನ ಮೇಲೆ ಹೊದಿಕೆ ಎಳೆಯುವ ಹಾಗೆ ಮುಚ್ಚಿ, ಚಪ್ಪಲಿ ಮೆಟ್ಟಿ ಹೋದಳು. ಮತ್ತೆ ಬರಲಿಲ್ಲ.

ಒಂಬತ್ತೂವರೆಗೆ ನಿರ್ದೇಶಕರು ಫೋನ್ ಮಾಡಿದರು. ವರದಿಯನ್ನು ಅವರೂ ನೋಡಿದ್ದರು. ಮಾತಿನಲ್ಲಿ ಬೆಣ್ಣೆ ಇತ್ತು. "ನೋಡಿ, ಹೋತಗಳನ್ನ ಊರಿಂದ ಊರಿಗೆ ಬದಲಾಯಿಸೋ ನಿಮ್ಮ ಆಲೋಚನೆ ಬಹಳ ಚೆನ್ನಾಗಿದೆ. ಇವತ್ತಿನ ಸಂಘದ ಸಭೇಲೇ ಶುರು ಮಾಡಿಬಿಡಿ. ಆದ್ರೆ ತಪ್ಪು ಗಿಪ್ಪು ಅಂತೆಲ್ಲ ಯಾಕೆ ಹೇಳೋಕೆ ಹೋಗ್ತೀರಿ? ಹೊಸ ಯೋಜನೆ ಬಂದಿದೆ ಅನ್ನಿ. ಮುಗೀತು."

"ಜನ ಕೇಳಿದ್ರೆ ಸರ್?"

"ಯಾರು ಕೇಳ್ತಾರೆ? ಹೊಸದು ಅಂದ್ರೆ ಯಾರೂ ಏನೂ ಕೇಳಲ್ಲ."

ಫೋನಿಟ್ಟ ಮೇಲೆ ಅವಳಿಗೆ, ಯಾಕೆಂದು ತಿಳಿಯದೆ, ತನ್ನ ಅಪ್ಪನ ಕನ್ನಡಕ ನೆನಪಾಯಿತು. ಅವಳಿಗೆ ಆಗ ಹತ್ತು ವರ್ಷ. ಅಪ್ಪನ ಕನ್ನಡಕ ಮುರಿದು ಕುರ್ಚಿಯ ಮೇಲೆ ಬಿದ್ದಿತ್ತು. ಅಪ್ಪ ಅಕ್ಕಪಕ್ಕದವರ ಎದುರಿಗೇ ಅವಳ ಬೆನ್ನಿಗೆ ನಾಲ್ಕು ಬಾರಿಸಿದರು. ಅದರ ಮೇಲೆ ಕೂತವರು ತಾವೇ ಎಂದು ಅವರಿಗೆ ಎರಡು ದಿನ ಬಿಟ್ಟು ತಿಳಿಯಿತು, ಹೇಗೆ ತಿಳಿಯಿತೋ. ಮೂರನೇ ದಿನ ಅವಳಿಗೆ ಹೊಸ ಚಪ್ಪಲಿ ಬಂತು. ಕೆಂಪು ಪಟ್ಟಿಯದು, ಒಳ್ಳೆಯ ಚಪ್ಪಲಿ. ಚಪ್ಪಲಿ ಬಂತು, ಮಾತು ಬರಲಿಲ್ಲ. ಅಮ್ಮ ಕೂಡ "ನೋಡು ಅಪ್ಪ ಎಷ್ಟು ಪ್ರೀತಿಯಿಂದ ತಂದಿದಾರೆ" ಅಂದಳೇ ಹೊರತು ಬೇರೇನೂ ಅನ್ನಲಿಲ್ಲ. ಅಪ್ಪ ಹೋಗಿ ಒಂಬತ್ತು ವರ್ಷವಾದರೂ ಅಕ್ಕಪಕ್ಕದವರ ಲೆಕ್ಕದಲ್ಲಿ ಕನ್ನಡಕ ಮುರಿದವಳು ಅವಳೇ. ಹೊಸ ಯೋಜನೆ ಅಂದರೆ ಚಪ್ಪಲಿ, ಅಂದುಕೊಂಡಳು. ಬೆಳಗ್ಗೆ ಗಂಡನಿಗೆ ವರದಿಯ ವಿಷಯ ಹೇಳಿದಾಗ ಅವನು ಅಂಗಿಗೆ ಇಸ್ತ್ರಿ ಹಾಕುತ್ತಿದ್ದ. ಅಚ್ಚುಕೂಟದಲ್ಲಿ ಕರಡು ತಿದ್ದುವುದು ಅವನ ಕೆಲಸ. ಜಗತ್ತಿನ ಯಾವ ವಿಷಯವನ್ನೂ ಅವನು ಅಲ್ಲಿಗೇ ತಂದು ಕಟ್ಟುತ್ತಾನೆ. "ನಮ್ಮಲ್ಲಿ ಪುಸ್ತಕ ಅಚ್ಚಾದ ಮೇಲೆ ತಪ್ಪು ಕಂಡ್ರೆ ಕೊನೇಲಿ ತಪ್ಪು-ಒಪ್ಪು ಪಟ್ಟಿ ಅಂಟಿಸ್ತೀವಿ. ಯಾರೂ ಓದಲ್ಲ. ಆದ್ರೂ ಅಂಟಿಸ್ತೀವಿ" ಅಂದ. ಅವಳಿಗೆ ಸಿಟ್ಟು ಬಂದಿತ್ತು. ಇವರಿಗೇನು, ಪಟ್ಟಿ ಅಂಟಿಸಿ ಮನೆಗೆ ಬರುತ್ತಾರೆ. ಅಕ್ಷರ ತಪ್ಪಾದರೆ ಯಾವ ಮರಿಯೂ ಸಾಯುವುದಿಲ್ಲ. ಈಗ ಆ ಸಿಟ್ಟು ಇಳಿದಿತ್ತು. ಎದ್ದು ಬಿಳಿ ಕೋಟು ಹಾಕಿಕೊಂಡಳು. ಬಲಗಡೆಯ ಜೇಬು ಹೊಲಿಗೆ ಬಿಟ್ಟು ಜೋತಾಡುತ್ತಿತ್ತು. ಅದರಲ್ಲಿಟ್ಟಿದ್ದ ಥರ್ಮಾಮೀಟರು ಎರಡು ಸಲ ಬಿದ್ದಿತ್ತು. ಸಭೆ ಇದ್ದದ್ದು ಮೂರು ಗಂಟೆಗೆ. ಅವಳು ಹನ್ನೊಂದಕ್ಕೇ ಜೀಪು ಹತ್ತಿದಳು.

ಟೈಲರಕ್ಕನ ಅಂಗಡಿ ಬಸ್ಸು ನಿಲ್ಲುವ ಬೀದಿಯ ಕೊನೆಯಲ್ಲಿ, ಎಂಟಡಿ ಅಗಲದ ಒಂದು ಕೋಣೆ. ಗೋಡೆಯ ಮೊಳೆಗಳಿಗೆ ಕತ್ತರಿಸಿದ ಬಟ್ಟೆಯ ಕಟ್ಟುಗಳು ನೇತಾಡುತ್ತಿದ್ದವು. ಟೈಲರಕ್ಕ ಒಂದು ಕಾಲರಿಗೆ ಹೊಲಿಗೆ ಹಾಕುತ್ತಿದ್ದಳು. ತಲೆ ಎತ್ತಿದಳು, ನೋಡಿದಳು, ಮತ್ತೆ ಕಾಲರಿಗೆ ಇಳಿದಳು. ಡಾಕ್ಟರಮ್ಮನಷ್ಟೇ ವಯಸ್ಸು, ಆದರೆ ಕೂದಲು ಒಂದೂ ಬೆಳ್ಳಗಾಗಿರಲಿಲ್ಲ. ಇದು ಕೂಡ ಡಾಕ್ಟರಮ್ಮನಿಗೆ ಒಂದು ಸಣ್ಣ ಸೋಲಿನಂತೆ ಕಂಡಿತು.

"ಬನ್ನಿ. ಕೂತ್ಕೊಳ್ಳಿ. ಕೈಯಲ್ಲಿರೋದು ಮುಗೀಲಿ."

ಕೂತಳು. ಕಾಲರು ಮುಗಿಯಿತು, ಅದರ ಜೊತೆಗಿನ ತೋಳೂ ಮುಗಿಯಿತು. ಎರಡನೇ ತೋಳೂ ಮುಗಿಯಿತು. ಕಾಯಿಸುತ್ತಿದ್ದಾಳೆ, ಕಾಯಿಸಲಿ. ತಾನು ಎಷ್ಟು ಜನರನ್ನು ತಳಿ ಕೇಂದ್ರದ ಬೆಂಚಿನ ಮೇಲೆ, ಒಳಗೆ ಸುಮ್ಮನೆ ಪತ್ರಿಕೆ ಓದುತ್ತ, ಕಾಯಿಸಿಲ್ಲ? ಹಿಂಬಾಗಿಲು ತೆರೆದಿತ್ತು. ಅಲ್ಲಿಂದ ಮೇಕೆಗಳು ಕಾಣುತ್ತಿದ್ದವು. ಗಿಡ್ಡ ಕಿವಿಯ ಕಂದು ಮೇಕೆಗಳು, ಒಂದು ಕರಿ, ಒಂದು ಕಪ್ಪುಬಿಳಿ ಮಚ್ಚೆಯ ಹಂಡ. ಯಾವುದೂ ಚೌಕಟ್ಟಿನೊಳಗೆ ನಿಲ್ಲುವಂಥದಲ್ಲ. ಅವಳಿಗೆ ತಡೆಯಲಾಗಲಿಲ್ಲ. ಅಪ್ಪಣೆ ಕೇಳದೆ ಎದ್ದು ಹಿಂದಕ್ಕೆ ಹೋಗಿ, ಕರಿ ಮೇಕೆಯ ತಲೆಯನ್ನು ತೊಡೆಗೆ ಒತ್ತಿಕೊಂಡು ಕೆಳರೆಪ್ಪೆ ಬಿಡಿಸಿ ನೋಡಿದಳು. ಒಳಗೆ ಕೆಂಪಗಿತ್ತು. ಮಳೆಗಾಲ ಕಳೆದ ಈ ದಿನಗಳಲ್ಲಿ, ಹೊಟ್ಟೆಹುಳ ರಕ್ತ ಹೀರಿ ಹೀರಿ, ಸಂಘದ ಮೇಕೆಗಳ ರೆಪ್ಪೆಯ ಒಳಗೆಲ್ಲ ಹಳೆಯ ಕಾಗದದ ಬಣ್ಣವಿತ್ತು. ಇದು ಕೆಂಪು. ಪಕ್ಕದ್ದೂ ಕೆಂಪು. ಅದರ ಹೊಟ್ಟೆಯ ಕೆಳಗೆ ಎರಡು ಮರಿಗಳು ಬಾಲ ಅಲ್ಲಾಡಿಸುತ್ತ ಕುಡಿಯುತ್ತಿದ್ದವು, ಎರಡರ ದವಡೆಯೂ ಹದವಾಗಿ ಕೂಡಿತ್ತು. ಅವಳ ನಾಚಿಕೆ ಎಲ್ಲೂ ಹೋಗಿರಲಿಲ್ಲ, ಆದರೆ ಅದರ ಪಕ್ಕದಲ್ಲೇ ಒಂದು ಕಸುಬುದಾರಳ ಸಂತೋಷ ಬಂದು ಕೂತಿತು: ದಾರಿ ಇದೆ. ದಾರಿ ಇಲ್ಲೇ, ಈ ಮೂರು ಮೊಳದ ಹಿತ್ತಲಲ್ಲೇ ಇದೆ.

"ಔಷಧಿ ಯಾವಾಗ ಹಾಕಿದ್ರಿ?" ಎಂದು ಅಲ್ಲಿಂದಲೇ ಕೇಳಿದಳು.

"ಯಾರು ಕೊಟ್ರು ನನಗೆ ಔಷಧಿ? ಸಂಘದವರಿಗೆ ಮಾತ್ರ ತಾನೆ?" ಟೈಲರಕ್ಕ ಬಾಗಿಲಿಗೆ ಬಂದು ನಿಂತಿದ್ದಳು. "ಕೋಟು ಬಿಚ್ಚಿ."

"ಏನು?"

"ಜೇಬು ಹರಿದಿದೆ. ಇಲ್ಲಿ ಕೂತವರ ಬಟ್ಟೆ ಹರಿದಿದ್ರೆ ನನಗೆ ಮಾತು ತಲೆಗೆ ಹೋಗಲ್ಲ. ಬಿಚ್ಚಿ ಕೊಡಿ, ಹೊಲೀತಾ ಕೇಳ್ತೀನಿ."

ಕೋಟಿಲ್ಲದೆ ಕೂತು ಡಾಕ್ಟರಮ್ಮ ಎಲ್ಲವನ್ನೂ ಹೇಳಿದಳು. ಹೇಳುವುದಕ್ಕೆ ಅಂಥ ಹೊತ್ತೇನೂ ಹಿಡಿಯಲಿಲ್ಲ. ಟೈಲರಕ್ಕ ಚುಕ್ಕಿಗಳ ಹಾಳೆಯನ್ನು ಹೊಲಿಗೆ ಯಂತ್ರದ ಹಲಗೆಯ ಮೇಲೆ ಹರಡಿ ಬಹಳ ಹೊತ್ತು ನೋಡಿದಳು. ಎಂಟು ಚುಕ್ಕಿಗಳ ಮೇಲೆ ಸೀಮೆಸುಣ್ಣ ಮೆತ್ತಿದ ಬೆರಳಿಟ್ಟು, "ಇವು ನಮ್ಮವಾ?" ಅಂದಳು. ಹೌದು ಅಂದಾಗ ಅವಳ ಮುಖದಲ್ಲಿ ನಗು ಬರಲಿಲ್ಲ. ಒಳಗೆ ಹೋಗಿ ಉದ್ದನೆಯ ಪುಸ್ತಕ ತಂದಳು. ಮುಂದಿನ ಪುಟಗಳಲ್ಲಿ ಎದೆ, ಸೊಂಟ, ತೋಳು. ಹಿಂದಿನಿಂದ ತಿರುವಿದರೆ ಹದಿಮೂರು ವರ್ಷದ ಮೇಕೆಗಳು: ತಾಯಿ ಯಾರು, ತಂದೆ ಯಾರು, ಯಾವ ದಿನ, ಎಷ್ಟು ಮರಿ, ಉಳಿದವೆಷ್ಟು. ಒಂದು ಪುಟದಲ್ಲಿ ಎರಡು ಸತ್ತ ಮರಿಗಳ ಮುಂದೆ ಕೆಂಪು ಗೆರೆ ಎಳೆದು ಬರೆದಿತ್ತು: 'ತಂದೆ ಸಾಹೇಬ. ತಾಯಿಯ ತಂದೆಯೂ ಸಾಹೇಬ.' ಇಷ್ಟೇ. ಇದನ್ನೇ ಅವತ್ತು ತೋರಿಸಲು ಬಂದಿದ್ದಳು.

"ಒಂದೇ ಥಾನಿನ ಬಟ್ಟೆ ನೋಡಿ," ಅಂದಳು ಟೈಲರಕ್ಕ, ಜೇಬಿನ ಅಂಚಿಗೆ ಸೂಜಿ ಹಾಕುತ್ತ. "ಮನೆಮಂದಿಗೆಲ್ಲ ಒಂದೇ ಥಾನಲ್ಲಿ ಹೊಲಿಸಿದ್ರೆ ಚೆನ್ನಾಗೇ ಕಾಣುತ್ತೆ. ಆದ್ರೆ ಬಣ್ಣ ಬಿಟ್ರೆ ಎಲ್ರದೂ ಒಟ್ಟಿಗೇ ಬಿಡುತ್ತೆ. ನಾನು ಅವತ್ತೇ ಸಾಹೇಬನ ಸಹವಾಸ ಬಿಟ್ಟೆ. ಕಲ್ಲು ಒಡೆಯೋರು ಊರೂರು ಅಲೀತಾರಲ್ಲ, ಅವರ ಹತ್ರ ಒಂದು ಹೋತ ತಗೊಂಡೆ. ಮುಂದಿನ ಸಲ ಬೇರೆ ಯಾರ ಹತ್ರವೋ ಇನ್ನೊಂದು. ಮಗಳಿಗೆ ಸಂಬಂಧ ನೋಡೋವಾಗ ಎಷ್ಟು ಕಡೆ ವಿಚಾರಿಸ್ತೀವಿ? ಇವಕ್ಕೂ ಅಷ್ಟೇ ವಿಚಾರಿಸಿದೆ."

"ನನಗೆ ಈ ಪುಸ್ತಕ ಬೇಕು. ನಿಮ್ಮ ಹೋತಗಳೂ ಬೇಕು," ಅಂದಳು ಡಾಕ್ಟರಮ್ಮ. "ಅವತ್ತು ನಾನು ಆಡಿದ್ದು ತಪ್ಪು. ಕ್ಷಮಿಸಿ ಅಂತ ಕೇಳೋಕೇ ಬಂದೆ."

ಟೈಲರಕ್ಕ ದಾರ ಕಚ್ಚಿ ತುಂಡರಿಸಿದಳು. "ಅವತ್ತು ಎಲ್ರ ಮುಂದೆ ಅಂದ್ರಿ. ಇವತ್ತು ಅಂಗಡಿಯೊಳಗೆ ಪಿಸುಗುಟ್ಟಿದ್ರೆ ಸರಿಹೋಗುತ್ತಾ?"

"ಇಲ್ಲ."

"ಇಲ್ಲ ತಾನೆ? ಹೋಗಿ ಹೇಳಿ ಹಾಗಾದ್ರೆ. ನಾನು ಬರೋದು ಬಿಡೋದು ಆಮೇಲಿನ ಮಾತು." ಕೋಟನ್ನು ಒದರಿ, ತಾನೇ ಹಿಡಿದು, ಅವಳ ತೋಳಿಗೆ ಹಾಕಿ ಕಳಿಸಿದಳು.

ಜೀಪಿನಲ್ಲಿ ಕೂತು, ಸಭೆಗೆ ಹೋಗುವ ಅಷ್ಟುದ್ದದ ದಾರಿಯಲ್ಲಿ, ಅವಳು ಮಾತುಗಳನ್ನು ಜೋಡಿಸುತ್ತ ಹೋದಳು. ಮೊದಲು ವೈಜ್ಞಾನಿಕ ಹಿನ್ನೆಲೆ ಹೇಳಿ, ಆಗಿನ ಕಾಲಕ್ಕೆ ಅದೇ ಸರಿ ಎಂಬ ತಿಳಿವಳಿಕೆ ಇತ್ತು ಅಂತ ಹೇಳಿ, ಆಮೇಲೆ... ಆ ವಾಕ್ಯಗಳಲ್ಲಿ ಎಲ್ಲೂ 'ನಾನು' ಇಲ್ಲ ಎಂಬುದು ಎರಡನೇ ತಿರುವಿನಲ್ಲಿ ಹೊಳೆಯಿತು. ಆಗಿನ ಕಾಲಕ್ಕೂ ಅದು ಸರಿಯಲ್ಲ. ಒಂದೇ ಹೋತವನ್ನು ಹೀಗೆ ಹಬ್ಬಿಸಬಾರದೆಂದು ಎರಡನೇ ವರ್ಷದ ಪಾಠದಲ್ಲೇ ಇತ್ತು, ಅವಳು ಅದರಲ್ಲಿ ತರಗತಿಗೇ ಮೊದಲಿಗಳಾಗಿದ್ದಳು. ಸಾಹೇಬ ಅಷ್ಟು ಚೆಂದವಿದ್ದ. ಪದಕ ಅಷ್ಟು ಹೊಳೆಯುತ್ತಿತ್ತು. ಅಷ್ಟೇ ನಿಜ. ಜೋಡಿಸಿದ ಮಾತುಗಳನ್ನೆಲ್ಲ ಕಿಟಕಿಯಿಂದಾಚೆ ಬಿಟ್ಟಳು. ಬಿಟ್ಟ ಮೇಲೆ ಹಸಿವಾಯಿತು. ಡ್ರೈವರಿಗೆ ನಿಲ್ಲಿಸಲು ಹೇಳಿ ಎರಡು ಬಾಳೆಹಣ್ಣು ತಿಂದಳು.

ಸಭೆ ಸಂಘದ ಉಗ್ರಾಣದಲ್ಲಿ. ಮೂಟೆಗಳನ್ನು ಗೋಡೆಗೆ ಒತ್ತಿ, ನಡುವೆ ಚಾಪೆ ಹಾಸಿದ್ದರು. ಎಪ್ಪತ್ತು ಜನರಿದ್ದರು, ಹೆಂಗಸರೇ ಹೆಚ್ಚು. ಬಾಗಿಲ ಹತ್ತಿರ ಸಂಘದ ಅತಿ ದೊಡ್ಡ ಹೋತವನ್ನು ಹಿಡಿದುಕೊಂಡು ಒಬ್ಬ ನಿಂತಿದ್ದ. ಕಟ್ಟುಮೀಸೆಯವನು, ಎಲ್ಲರೂ ಅವನನ್ನು ಮೀಸೆ ಅಂತಲೇ ಕರೆಯುವುದು. ಹೋತ ಸಾಹೇಬನ ಮರಿಮೊಮ್ಮಗ. ಡಾಕ್ಟರಮ್ಮ ಕುರ್ಚಿ ಬೇಡವೆಂದು ನಿಂತೇ ಮಾತಾಡಿದಳು. "ಐದಾರು ವರ್ಷದಿಂದ ನಿಮ್ಮ ಮರಿಗಳು ಸಾಯ್ತಿವೆ. ನೀವು ಕೊಳಕು, ನೀವು ಸರಿಯಾಗಿ ಮೇವು ಹಾಕಲ್ಲ ಅಂತ ನಾನು ಬೈದೆ. ಅದು ಸುಳ್ಳು. ಬಹಳಷ್ಟು ಮರಿ ಸತ್ತದ್ದು ನನ್ನಿಂದ. ಎಲ್ಲಾ ಊರಿಗೂ ಒಂದೇ ಹೋತದ ವಂಶ ಹಂಚಿದೆ. ಅಪ್ಪನೇ ಮಗಳ ಹತ್ರ, ಅಣ್ಣನೇ ತಂಗಿ ಹತ್ರ ಹೋಗೋ ಹಾಗೆ ಮಾಡಿದೆ. ಹಾಗಾದಾಗ ರಕ್ತದಲ್ಲಿ ಅಡಗಿರೋ ದೋಷ ಎರಡೂ ಕಡೆಯಿಂದ ಸೇರಿ ಮರಿ ಸೊರಗುತ್ತೆ. ಇದು ಟೈಲರಕ್ಕನಿಗೆ ಆರು ವರ್ಷದ ಹಿಂದೆಯೇ ತಿಳಿದಿತ್ತು. ಇದೇ ಜಾಗದಲ್ಲಿ ಆಕೆ ಹೇಳೋಕೆ ಬಂದಾಗ ನಾನು ನಗೆಪಾಟಲು ಮಾಡಿದೆ. ತಪ್ಪು ನನ್ನದು."

ಉಗ್ರಾಣದೊಳಗೆ ಹೋತ ಮೆಲುಕು ಹಾಕುವುದು ಕೇಳುತ್ತಿತ್ತು. ಸಂಘದ ಅಧ್ಯಕ್ಷೆ ಏನೋ ಸಮಾಧಾನ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬಳು ಎದ್ದಳು. ಮೂವತ್ತರ ಆಸುಪಾಸು, ಮೂಲೆಮನೆಯ ಸೊಸೆ. ಡಾಕ್ಟರಮ್ಮನಿಗೆ ಮುಖದ ಗುರುತು ಹತ್ತಲಿಲ್ಲ. ಹತ್ತದೆ ಹೋದದ್ದೇ ಮೊದಲು ಚುಚ್ಚಿತು.

"ಮೂರು ವರ್ಷದ ಹಿಂದೆ ನಮ್ಮನೇಲಿ ನಾಲ್ಕು ಮರಿ ಸತ್ತವು. ನೀವು ಬಂದು, ಬೀದೀಲಿ ನಿಂತು, ಇವಳ ಕೈಯೇ ಕೊಳಕು ಅಂದ್ರಿ. ನೀವು ಜೀಪು ಹತ್ತಿ ಹೋದ್ರಿ. ನಮ್ಮತ್ತೆ ಅದನ್ನ ಹಿಡ್ಕೊಂಡ್ರು. ಅವತ್ತಿನಿಂದ ನನ್ನ ಕೈಯಿಂದ ಒಂದು ಲೋಟ ನೀರು ತಗೊಳ್ಳಲ್ಲ. ಮೊಳಕಾಲು ನೋವಲ್ಲೂ ತಾವೇ ಎದ್ದು ಹೋಗಿ ಬಗ್ಗಿಸ್ಕೊಳ್ತಾರೆ." ಅವಳ ಧ್ವನಿ ಏರಲಿಲ್ಲ. "ನೀವು ಅಂದದ್ದು ಒಂದು ಸಲ, ಡಾಕ್ಟರಮ್ಮ. ನಾನು ಕೇಳಿದ್ದು ದಿನಾ."

ಚುಕ್ಕಿಗಳ ಹಾಳೆಯಲ್ಲಿ ಈ ಹೆಂಗಸು ಎಲ್ಲೂ ಇರಲಿಲ್ಲ. ಹದಿನೆಂಟು ಪುಟದ ವರದಿಯಲ್ಲಿ ಸತ್ತ ಮರಿಗಳ ಶೇಕಡಾವಾರು ಇತ್ತು, ಬದುಕಿರುವವರ ಬಾಯಾರಿಕೆ ಇರಲಿಲ್ಲ. "ಸಭೆ ಮುಗಿದ ಮೇಲೆ ನಿಮ್ಮ ಜೊತೆ ಬರ್ತೀನಿ," ಅಂದಳು ಡಾಕ್ಟರಮ್ಮ. "ನಿಮ್ಮತ್ತೆಗೆ ನಾನೇ ಹೇಳ್ತೀನಿ. ಇವತ್ತೇ." ಸೊಸೆ ಕೂತಳು.

ಆಮೇಲೆ ಮಾತು ಕಟ್ಟೆಯೊಡೆಯಿತು. ಎಲ್ಲರೂ ಒಟ್ಟಿಗೆ ಕೂಗಿದರು. ನಮ್ಮ ಆರು ಮರಿ, ನಮ್ಮ ಎಂಟು, ನಮ್ಮದು ಗಬ್ಬವೇ ನಿಲ್ಲಲಿಲ್ಲ. ಡಾಕ್ಟರಮ್ಮ ಒಬ್ಬೊಬ್ಬರದನ್ನೂ ಕೇಳಿದಳು. ಯಾರಿಗೂ ಅಡ್ಡ ಬರಲಿಲ್ಲ, ಹನ್ನೊಂದು ವರ್ಷದಲ್ಲಿ ಇದೇ ಮೊದಲು. ಟೈಲರಕ್ಕ ಯಾವಾಗ ಬಂದಳೋ ಯಾರಿಗೂ ತಿಳಿಯಲಿಲ್ಲ. ಕೂಗಾಟ ಇಳಿದಾಗ ನೋಡಿದರೆ ಮೂಟೆಯೊಂದರ ಮೇಲೆ ಕೂತಿದ್ದಳು, ಕಂಕುಳಲ್ಲಿ ಪುಸ್ತಕ.

"ಎಷ್ಟು ಹೊತ್ತಾಯ್ತು ಬಂದು?" ಅಧ್ಯಕ್ಷೆ ಕೇಳಿದಳು.

"ಮುಖ್ಯವಾದ್ದು ಕೇಳಿಸ್ಕೊಳ್ಳೋಷ್ಟು ಹೊತ್ತಾಯ್ತು. ಮುಂದಕ್ಕೇನು ಅಂತ ಹೇಳಿ ಡಾಕ್ಟರಮ್ಮ, ನನಗೆ ಅಂಗಡಿ ಇದೆ."

ಮುಂದಿನದನ್ನು ಹೇಳುವಾಗ ಅವಳ ಕಾಲಡಿಯ ನೆಲ ಗಟ್ಟಿಯಾಯಿತು. ಇದು ಅವಳು ಬಲ್ಲ ಕೆಲಸ. ಹನ್ನೊಂದು ಊರನ್ನು ನಾಲ್ಕು ಗುಂಪು ಮಾಡುವುದು. ಒಂದು ಹೋತ ಒಂದು ಗುಂಪಿನಲ್ಲಿ ಒಂದೇ ವರ್ಷ. ಅವನ ಮಗಳು ಬೆದೆಗೆ ಬರುವ ಹೊತ್ತಿಗೆ ಅವನು ಆ ಊರಲ್ಲಿ ಇರಕೂಡದು, ಮುಂದಿನ ಗುಂಪಿಗೆ ಹೋಗಬೇಕು. ಜೊತೆಗೆ ಹೊರಗಿನ ರಕ್ತ ಬೇಕು: ಟೈಲರಕ್ಕನ ಹೋತಗಳಿಂದ ಶುರು, ಆಮೇಲೆ ಕಲ್ಲು ಒಡೆಯುವವರ ಹತ್ತಿರ, ಆಚೆ ದಿಬ್ಬದವರ ಹತ್ತಿರ ಹುಡುಕುವುದು. ಪ್ರತಿ ಮನೆಯೂ ತಾಯಿ ಯಾರು, ತಂದೆ ಯಾರು ಎಂದು ಬರೆದಿಡುವುದು.

"ಹಾಗಾದ್ರೆ ಹೋತಗಳಿಗೂ ವರ್ಗಾವಣೆ ಅನ್ನಿ!" ಅಂತ ಯಾರೋ ಅಂದರು.

"ಅವಕ್ಕಾದ್ರೂ ಆಗ್ಲಿ, ಡಾಕ್ಟರಮ್ಮನಿಗಂತೂ ಹನ್ನೊಂದು ವರ್ಷದಿಂದ ಆಗಿಲ್ಲ," ಎಂದಳೊಬ್ಬಳು. ಉಗ್ರಾಣ ನಕ್ಕಿತು. ಅವಳೂ ನಕ್ಕಳು. ತನ್ನ ಮೇಲೆ ಬಿದ್ದ ನಗು ಅಂದುಕೊಂಡಷ್ಟು ಭಾರವಿರಲಿಲ್ಲ.

ಮೀಸೆ ಮಾತ್ರ ನಗಲಿಲ್ಲ. ಹೋತದ ಕೊರಳಿಗೆ ಕೈ ಸುತ್ತಿಕೊಂಡ. "ನಾನು ಇವನನ್ನ ಕೊಡಲ್ಲ. ಇಂಥ ಆಳು ಬಿಟ್ಟು ಆ ಕುಳ್ಳರನ್ನ ತಂದು ಏನು ಮಾಡೋಣ? ನೋಡಿದವರು ನಗ್ತಾರೆ."

"ಇವನು ಬೇಡ ಅಂದೆನಾ ನಾನು?" ಡಾಕ್ಟರಮ್ಮ ಹತ್ತಿರ ಹೋಗಿ ಹೋತದ ಕೆಳರೆಪ್ಪೆ ಬಿಡಿಸಿ ಅವನಿಗೇ ತೋರಿಸಿದಳು. "ಎಷ್ಟು ಬಿಳುಚಿದೆ ನೋಡಿ. ಹೋದ ವಾರ ತಾನೆ ಔಷಧಿ ಹಾಕಿದ್ದು? ಇವನ ಎತ್ತರ ಒಳ್ಳೇದು, ಅದು ನಮಗೆ ಬೇಕು. ಆದ್ರೆ ಇಲ್ಲೇ ಅಕ್ಕತಂಗಿಯರ ಮಧ್ಯೆ ಇದ್ರೆ ಆ ಎತ್ತರ ಇವನ ಜೊತೆಗೇ ಮುಗಿಯುತ್ತೆ. ಟೈಲರಕ್ಕನ ಹೆಣ್ಣುಗಳ ಹತ್ರ ಹೋಗ್ಲಿ. ಇವನ ಮೈಕಟ್ಟು, ಅವುಗಳ ತ್ರಾಣ. ಮರಿ ನೋಡಿ ಆಮೇಲೆ ಮಾತಾಡಿ."

"ಸರಿಯಾಗದೆ ಹೋದ್ರೆ?"

"ನನ್ನ ಲೆಕ್ಕ ಇವತ್ತು ಸರಿ ಇದೆ. ಆದ್ರೂ ನನ್ನ ಮಾತನ್ನೊಂದೇ ನಂಬಬೇಡಿ. ಪ್ರತಿ ತಿಂಗಳೂ ಬರೆದದ್ದನ್ನ ಇಲ್ಲೇ ಓದೋಣ. ತಪ್ಪು ಕಂಡ್ರೆ ನೀವೇ ಎದ್ದು ಹೇಳಿ."

ಮೀಸೆ ಟೈಲರಕ್ಕನ ಕಡೆ ನೋಡಿದ. ಟೈಲರಕ್ಕ ಹೋತವನ್ನು ಮೇಲಿಂದ ಕೆಳಗೆ, ಗಿರಾಕಿಯ ಅಳತೆ ತೆಗೆಯುವ ಕಣ್ಣಲ್ಲಿ, ನೋಡಿ, "ಅಳಿಯ ಪರವಾಗಿಲ್ಲ," ಅಂದಳು. ಅವನ ಮೀಸೆಯ ಒಂದು ತುದಿ ಸಡಿಲವಾಯಿತು. ಅವಳು ಪುಸ್ತಕವನ್ನು ಡಾಕ್ಟರಮ್ಮನ ಕೈಗೆ ಕೊಟ್ಟಳು, ಆದರೆ ಪೂರ್ತಿ ಬಿಡದೆ ಒಂದು ಅಂಚನ್ನು ಹಿಡಿದೇ ಹೇಳಿದಳು: "ಒಂದು ಷರತ್ತು. ನನ್ನ ಹೋತನ್ನ ಇನ್ನೊಬ್ಬ ಸಾಹೇಬ ಮಾಡ್ಬೇಡಿ. ವರ್ಷ ಮುಗಿದ ಕೂಡ್ಲೇ ಅವನೂ ಗಂಟುಮೂಟೆ ಕಟ್ಟಬೇಕು. ಫೋಟೋ ಗೀಟೋ ತೆಗೀಕೂಡದು."

"ತೆಗೆಯಲ್ಲ," ಅಂದಳು ಡಾಕ್ಟರಮ್ಮ. ಆಗ ಅಂಚು ಬಿಟ್ಟಳು.

ಎಲ್ಲರೂ ಒಪ್ಪಲಿಲ್ಲ. ಎರಡು ಊರಿನವರು ನೋಡೋಣ ಎಂದು ಎದ್ದು ಹೋದರು. ಒಂಬತ್ತು ಊರಿನವರು ಹೆಬ್ಬೆಟ್ಟು, ಸಹಿ ಹಾಕಿದರು. ಒಂಬತ್ತು ಸಾಕು, ಅವರ ದೊಡ್ಡಿಯಲ್ಲಿ ಮರಿಗಳು ಓಡಾಡತೊಡಗಿದರೆ ಆ ಎರಡು ಊರಿನವರೂ ತಾವಾಗೇ ಬರುತ್ತಾರೆ. ಇದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಅನುಮಾನವಿದ್ದದ್ದು ಮೂಲೆಮನೆಯ ಬಗ್ಗೆ. ಇನ್ನೂ ಬಿಸಿಲಿತ್ತು. ಸೊಸೆ ಮುಂದೆ, ಡಾಕ್ಟರಮ್ಮ ಎರಡು ಹೆಜ್ಜೆ ಹಿಂದೆ ನಡೆದರು. ಜೀಪು ಬೇಡವೆಂದು ಅವಳೇ ಹೇಳಿದ್ದಳು. ಈ ಬೀದಿಯಲ್ಲಿ ಅವಳು ಯಾವತ್ತೂ ನಡೆದಿರಲಿಲ್ಲ. ನಡೆದರೆ ಪ್ರತಿ ಬಾಗಿಲೂ ಇಷ್ಟು ಹತ್ತಿರ, ಪ್ರತಿ ಬಾಗಿಲಲ್ಲೂ ಒಂದು ಜೊತೆ ಕಣ್ಣು. ಇಷ್ಟು ಕಿರಿದಾದ ಬೀದಿಯಲ್ಲಿ ಆಡಿದ ಮಾತು ಎಲ್ಲಿಗೆ ತಾನೆ ಹೋದೀತು? ಇಲ್ಲೇ ಗೋಡೆಗೆ ಗೋಡೆಗೆ ಬಡಿದುಕೊಂಡು ಇದ್ದಿರಬೇಕು, ಮೂರು ವರ್ಷ.

ಅತ್ತೆ ಜಗಲಿಯಲ್ಲಿ ಕಾಲು ಚಾಚಿ ಕೂತು ಮೊರದಲ್ಲಿ ಕಾಳು ಆರಿಸುತ್ತಿದ್ದಳು. ತೆಳ್ಳಗೆ, ಒಣ ಕಡ್ಡಿಯ ಹಾಗಿದ್ದಳು. ತಲೆ ಎತ್ತಲಿಲ್ಲ.

"ಅಜ್ಜಿ, ನಾನು ಮೇಕೆ ಡಾಕ್ಟರು. ಮೂರು ವರ್ಷದ ಹಿಂದೆ ನಿಮ್ಮನೆಗೆ ಬಂದಿದ್ದೆ."

"ಆಂ?"

ಕಿವಿ ಮಂದ ಎಂದು ಸೊಸೆ ಹೇಳಿರಲಿಲ್ಲ. ಡಾಕ್ಟರಮ್ಮ ಸ್ವರ ಏರಿಸಿದಳು. "ನಿಮ್ಮ ಮರಿ ಸತ್ತದ್ದು ನಿಮ್ಮ ಸೊಸೆಯಿಂದ ಅಲ್ಲ!"

"ಏನಂತೆ?"

ಎದುರುಮನೆಯ ಕಿಟಕಿ ತೆರೆಯಿತು. ನಲ್ಲಿಯ ಹತ್ತಿರ ಕೊಡ ಇಟ್ಟವರು ತಿರುಗಿ ನೋಡಿದರು. ಉಗ್ರಾಣದಲ್ಲಿ ಮಾತಾಡುವುದು ಬೇರೆ. ಅಲ್ಲಿ ಕೈಯಲ್ಲಿ ವರದಿ ಇತ್ತು. ಇಲ್ಲಿ ಬೀದಿಯ ನಡುವೆ ನಿಂತು ಗಂಟಲು ಹರಿಯುವ ಹಾಗೆ, ಸರಕು ಮಾರುವವಳ ಹಾಗೆ, ತನ್ನ ತಪ್ಪನ್ನು ತಾನೇ ಕೂಗಬೇಕು. ಎದೆ ತುಂಬ ಗಾಳಿ ಎಳೆದುಕೊಂಡಳು.

"ನಿಮ್ಮ ಸೊಸೆ ಕೈ ಕೊಳಕಲ್ಲ! ಕೆಟ್ಟ ಹೋತ ಕೊಟ್ಟವಳು ನಾನು! ಮರಿ ಸತ್ತದ್ದು ನನ್ನಿಂದ! ತಪ್ಪು ನನ್ನದು!"

ಕೊನೆಯ ಮಾತು ಬೀದಿಯ ಆ ತುದಿಗೆ ಹೋಗಿ ಬಂತು. ನಲ್ಲಿಯಲ್ಲಿ ಕೊಡ ತುಂಬಿ ಹರಿಯುತ್ತಿತ್ತು, ಯಾರೂ ತೆಗೆಯಲಿಲ್ಲ. ಮುದುಕಿ ಒಂದು ಕಲ್ಲು ಹೆಕ್ಕಿ ಪಕ್ಕಕ್ಕೆಸೆದು, ಮೊರ ಕೆಳಗಿಟ್ಟು, ಆಗ ತಲೆ ಎತ್ತಿದಳು.

"ಮೊದಲನೇ ಸಲವೇ ಕೇಳಿಸ್ತಮ್ಮ. ನನ್ನ ಕಿವಿ ಚೆನ್ನಾಗೇ ಇದೆ."

"ಮತ್ತೆ...?"

"ಇವಳನ್ನ ನಾನು ಅಂದದ್ದೂ ಬೀದಿಗೆಲ್ಲ ಕೇಳಿಸೋ ಹಾಗೇ ತಾನೆ? ಇದೂ ಕೇಳಿಸ್ಲಿ ಅಂತ ಸುಮ್ಮನಿದ್ದೆ." ಜಗಲಿಯ ಧೂಳನ್ನು ಸೆರಗಿನಿಂದ ಒರೆಸಿ, "ಕೂತ್ಕೋ," ಅಂದಳು. ಆಮೇಲೆ ಸೊಸೆಯ ಮುಖ ನೋಡದೆ, ಮೊರದ ಕಡೆಗೇ ನೋಡುತ್ತ ಹೇಳಿದಳು. "ಡಾಕ್ಟರಮ್ಮನಿಗೆ ನೀರು ಕೊಡು. ಕೂಗಿ ಕೂಗಿ ಗಂಟಲು ಒಣಗಿರುತ್ತೆ." ಸ್ವಲ್ಪ ತಡೆದು, "ನನಗೂ," ಅಂದಳು.

ಸೊಸೆ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಆತುರಪಡಲಿಲ್ಲ. ಮುದುಕಿಯ ಬೆನ್ನನ್ನು ನೋಡಿದಳು, ಬೀದಿಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು, ಆಮೇಲೆ ಒಳಗೆ ಹೋದಳು. ಹೊರಗೆ ಕೂತ ಇಬ್ಬರೂ ಒಳಗೆ ಅವಳು ಲೋಟ ತೆಗೆಯುವ ಸದ್ದನ್ನು, ತೊಳೆಯುವ ಸದ್ದನ್ನು, ನೀರು ಬಗ್ಗಿಸುವ ಸದ್ದನ್ನು ಕೇಳುತ್ತ ಕಾದರು.